ಹೋಮ್ಸ್‌ನನ್ನು ಸೃಷ್ಟಿಸಿದವನಿಗೂ ಸಿಗದ ಕೊಲೆಗಾರ

ರಾತ್ರಿ ಹನ್ನೊಂದರ ಮೇಲೆ ನಮ್ಮ ವಯಸ್ಸಿನವರ ಮೊಬೈಲಿನಲ್ಲಿ ಏನು ಓಡುತ್ತಿರುತ್ತದೆ? ರೀಲ್ಸ್, ಕ್ರಿಕೆಟ್ ಹೈಲೈಟ್ಸ್ ಬಿಟ್ಟರೆ ಕೊಲೆ ಕೇಸುಗಳ ಕಥೆ. ಅದರಲ್ಲೂ ಕೊಲೆಗಾರ ಸಿಗದ ಕೇಸೆಂದರೆ ನಿದ್ದೆ ಹಾರಿಹೋಗುತ್ತದೆ. ಕೊಲೆಗಾರ ಸಿಕ್ಕ ಕಥೆ ಬೆಳಗಾಗುವಷ್ಟರಲ್ಲಿ ಮರೆತಿರುತ್ತದೆ. ಸಿಗದ ಕಥೆ ಹಲ್ಲಿನ ಸಂದಿಯಲ್ಲಿ ಉಳಿದ ಅಡಿಕೆ ಚೂರಿನ ಹಾಗೆ. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಕೆಲವರಿಗೆ ಇದು ಒಂದು ರಾತ್ರಿಯ ಹುಚ್ಚು, ಇನ್ನು ಕೆಲವರಿಗೆ ಜೀವಮಾನದ್ದು. ನಾನು ಕಾನೂನು ಪದವಿ ಮುಗಿಸಿ ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವನು. ಸಾಕ್ಷ್ಯ ಕಾಯಿದೆ ಓದಿ ಬೇಸರ ಬಂದಾಗೆಲ್ಲ ಹಳೆಯ ಕೇಸುಗಳನ್ನು ತಿರುವಿ ಹಾಕುವುದು ನನ್ನ ಅಭ್ಯಾಸ. ಹಾಗೆ ಸಿಕ್ಕವನೇ ಆರ್ಥರ್ ಕಾನನ್ ಡಾಯ್ಲ್. ಷರ್ಲಾಕ್ ಹೋಮ್ಸ್ ಕಥೆಗಳನ್ನು ಬರೆದವನೆಂದು ಎಲ್ಲರಿಗೂ ಗೊತ್ತು. ಆದರೆ ಆತ ನಿಜವಾದ ಒಂದು ಕೊಲೆ ಕೇಸಿನ ಹಿಂದೆ 16 ವರ್ಷ ಬಿದ್ದಿದ್ದ, ಕೊನೆಗೂ ಕೊಲೆಗಾರ ಸಿಗಲಿಲ್ಲ, ಆದರೂ ಆ 16 ವರ್ಷ ದಂಡವಾಗಲಿಲ್ಲ ಎಂಬುದು ಎಷ್ಟು ಜನರಿಗೆ ಗೊತ್ತು?

ರೋಗಿಗಳಿಲ್ಲದ ಡಾಕ್ಟರು

ಡಾಯ್ಲ್ ಹುಟ್ಟಿದ್ದು 1859ರ ಮೇ 22ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಅಪ್ಪ ಚಿತ್ರ ಬರೆಯುವ ಕೈಯಿದ್ದವನು, ಆದರೆ ಕುಡಿತಕ್ಕೆ ಬಿದ್ದು ಕೊನೆಯ ವರ್ಷಗಳನ್ನು ಮಾನಸಿಕ ಆಸ್ಪತ್ರೆಗಳಲ್ಲಿ ಕಳೆದ. ಮನೆ ನಡೆಸಿದ್ದು, ಮಗನಿಗೆ ಕಥೆಯ ರುಚಿ ಹತ್ತಿಸಿದ್ದು ಅಮ್ಮ ಮೇರಿ. 1876ರಲ್ಲಿ ಹುಡುಗ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದ. ದುಡ್ಡಿಗಾಗಿ ಓದಿನ ಮಧ್ಯೆಯೇ, 1880ರಲ್ಲಿ, ತಿಮಿಂಗಿಲ ಬೇಟೆಯ ಹಡಗೊಂದರಲ್ಲಿ ವೈದ್ಯನಾಗಿ ಉತ್ತರ ಧ್ರುವದ ಕಡೆಯ ಸಮುದ್ರಕ್ಕೂ ಹೋಗಿಬಂದ.

ಆ ಕಾಲೇಜಿನಲ್ಲಿ ಜೋಸೆಫ್ ಬೆಲ್ ಎಂಬ ಮೇಷ್ಟ್ರಿದ್ದರು. ರೋಗಿ ಬಾಯಿ ಬಿಡುವ ಮೊದಲೇ ಅವನ ಕಸುಬು, ಊರು ಹೇಳುತ್ತಿದ್ದವರು. ಒಮ್ಮೆ ಬಂದ ರೋಗಿ ಮರ್ಯಾದಸ್ಥನೇ, ಆದರೆ ಟೋಪಿ ತೆಗೆಯಲಿಲ್ಲ. ಇದು ಸೈನ್ಯದ ಅಭ್ಯಾಸ, ಈಚೆಗೆ ಬಿಟ್ಟುಬಂದವನಿರಬೇಕು ಎಂದು ಬೆಲ್ ಊಹಿಸಿದರು. ಕಾಲಿಗೆ ಬಂದಿದ್ದ ಆನೆಕಾಲು ರೋಗ ನೋಡಿ ವೆಸ್ಟ್ ಇಂಡೀಸಿನಲ್ಲಿದ್ದವನೆಂದರು. ಎರಡೂ ನಿಜವಾಗಿತ್ತು. ಹೋಮ್ಸ್‌ನ ಬೀಜ ಬಿದ್ದದ್ದು ಇಲ್ಲಿ.

1882ರಲ್ಲಿ ಪೋರ್ಟ್ಸ್‌ಮತ್‌ನ ಸೌತ್‌ಸೀಯಲ್ಲಿ ಡಾಯ್ಲ್ ಬೋರ್ಡು ಹಾಕಿಕೊಂಡು ಕುಳಿತ. ರೋಗಿಗಳು ಬರುವುದು ಅಪರೂಪ. ಖಾಲಿ ಹೊತ್ತಿನಲ್ಲಿ ಕಥೆ ಬರೆದ. ಮೊದಲ ಹೋಮ್ಸ್ ಕಾದಂಬರಿಯನ್ನು ಪ್ರಕಾಶಕರು ವಾಪಸ್ ಕಳಿಸಿದರು. ಕೊನೆಗೆ ಒಬ್ಬರು 25 ಪೌಂಡಿಗೆ ಹಕ್ಕನ್ನೆಲ್ಲ ಕೊಂಡುಕೊಂಡು 1887ರಲ್ಲಿ ಅಚ್ಚು ಹಾಕಿದರು. 1891ರಲ್ಲಿ ಕಣ್ಣಿನ ವೈದ್ಯನಾಗಲು ವಿಯೆನ್ನಾಕ್ಕೆ ಹೋಗಿ ಕಲಿತು, ಲಂಡನ್ನಿನಲ್ಲಿ ಕೋಣೆ ಬಾಡಿಗೆಗೆ ಹಿಡಿದ. ಅಲ್ಲಿಗೂ ರೋಗಿಗಳು ಬರಲಿಲ್ಲ. ಅದೇ ವರ್ಷ ಸ್ಟ್ರಾಂಡ್ ಪತ್ರಿಕೆಯಲ್ಲಿ ಹೋಮ್ಸ್ ಕಥೆಗಳು ಬರತೊಡಗಿದವು. ಡಾಕ್ಟರಿಕೆ ಅಲ್ಲಿಗೆ ಮುಗಿಯಿತು. ಕೆಲಸ ಸಿಗದೆ ಕುಳಿತಿರುವ ನಮ್ಮಂಥವರಿಗೆ ಒಂದು ಮಾತು: ಯಾರೂ ಬಾರದ ಆ ಕಣ್ಣಿನ ಕ್ಲಿನಿಕ್ಕಿನ ಕಲಿಕೆಯೇ 16 ವರ್ಷದ ನಂತರ ಒಬ್ಬ ಮನುಷ್ಯನ ಮರ್ಯಾದೆ ಉಳಿಸಿತು. ಅದನ್ನೀಗ ಹೇಳುತ್ತೇನೆ.

ಬಿಡಿಸದ ಕೇಸುಗಳ ಸೆಳೆತ ಡಾಯ್ಲ್‌ಗೆ ಇದ್ದೇ ಇತ್ತು. ಲಂಡನ್ನಿನಲ್ಲಿ ಅಪರಾಧಗಳ ಬಗ್ಗೆ ಮಾತಾಡಲೆಂದೇ ಸೇರುತ್ತಿದ್ದ ಒಂದು ಸಣ್ಣ ಕೂಟದ ಸದಸ್ಯನಾಗಿದ್ದ. 1888ರಲ್ಲಿ ಜ್ಯಾಕ್ ದಿ ರಿಪ್ಪರ್ ಹೆಂಗಸರನ್ನು ಕೊಂದ ವೈಟ್‌ಚಾಪೆಲ್‌ನ ಗಲ್ಲಿಗಳನ್ನು 1905ರಲ್ಲಿ ಆ ಕೂಟದವರ ಜತೆ ಸುತ್ತಿ ಬಂದಿದ್ದ. ಅಲ್ಲಿಯವರೆಗೆ ಇದು ನಮ್ಮ ನಿಮ್ಮ ಕುತೂಹಲದ ಹಾಗೆಯೇ ಇತ್ತು. ಯಾರು ಮಾಡಿದ್ದು ಎಂಬ ಒಂದೇ ಪ್ರಶ್ನೆ.

ಮುಂಬೈ ಮೂಲದ ಮನೆಯ ಮಗ

1906ರಲ್ಲಿ ಡಾಯ್ಲ್‌ನ ಮೊದಲ ಹೆಂಡತಿ ಲೂಯಿಸಾ ದೀರ್ಘ ಕಾಯಿಲೆಯಿಂದ ತೀರಿಕೊಂಡಳು. ಆತ ಕುಗ್ಗಿಹೋಗಿದ್ದ ಆ ದಿನಗಳಲ್ಲೇ ಜಾರ್ಜ್ ಎಡಲ್ಜಿ ಎಂಬ ವಕೀಲನ ಕಥೆ ಕಣ್ಣಿಗೆ ಬಿತ್ತು. ಜಾರ್ಜ್‌ನ ತಂದೆ ಶಾಪುರ್ಜಿ ಎಡಲ್ಜಿ ಮುಂಬೈಯ ಪಾರ್ಸಿ. ಕ್ರೈಸ್ತನಾಗಿ ಮತಾಂತರಗೊಂಡು ಇಂಗ್ಲೆಂಡಿನ ಗ್ರೇಟ್ ವರ್ಲಿ ಎಂಬ ಗಣಿ ಹಳ್ಳಿಯ ಚರ್ಚಿಗೆ ಪಾದ್ರಿಯಾಗಿದ್ದವನು. ತಾಯಿ ಇಂಗ್ಲಿಷಳು. ಮೈಬಣ್ಣ ಬೇರೆಯಾದ ಈ ಕುಟುಂಬಕ್ಕೆ ವರ್ಷಗಟ್ಟಲೆ ಹೆಸರಿಲ್ಲದ ಬೈಗುಳದ ಪತ್ರಗಳು ಬರುತ್ತಿದ್ದವು.

1903ರಲ್ಲಿ ಆ ಸುತ್ತಿನಲ್ಲಿ ಯಾರೋ ರಾತ್ರಿ ಹೊತ್ತು ಕುದುರೆ, ದನ, ಕುರಿಗಳ ಹೊಟ್ಟೆ ಸೀಳಿ ಹೋಗತೊಡಗಿದರು. ಪೊಲೀಸರು ಜಾರ್ಜ್‌ನನ್ನು ಹಿಡಿದರು. ಮಗ ಆ ರಾತ್ರಿ ತನ್ನ ಕೋಣೆಯಲ್ಲೇ, ಬೀಗ ಹಾಕಿದ ಬಾಗಿಲೊಳಗೆ ಮಲಗಿದ್ದನೆಂದು ಅಪ್ಪ ಹೇಳಿದ್ದನ್ನು ಯಾರೂ ನಂಬಲಿಲ್ಲ. ಏಳು ವರ್ಷ ಕಠಿಣ ಶಿಕ್ಷೆಯಾಯಿತು. ಅವನು ಒಳಗಿದ್ದಾಗಲೂ ಪ್ರಾಣಿಗಳ ಮೇಲಿನ ದಾಳಿ ನಿಲ್ಲಲಿಲ್ಲ! ಮೂರು ವರ್ಷದ ನಂತರ ಕಾರಣ ಹೇಳದೆಯೇ ಬಿಟ್ಟರು. ನಿರ್ದೋಷಿ ಎನ್ನಲಿಲ್ಲ. ವಕೀಲಿಕೆಯ ಸನ್ನದೂ ಇಲ್ಲ.

1907ರ ಜನವರಿಯಲ್ಲಿ ಡಾಯ್ಲ್ ಅವನನ್ನು ಲಂಡನ್ನಿನ ಹೋಟೆಲೊಂದರಲ್ಲಿ ಭೇಟಿಯಾದ. ಜಾರ್ಜ್ ಕಾಯುತ್ತಾ ಪೇಪರ್ ಓದುತ್ತಿದ್ದ. ಪೇಪರನ್ನು ಮೂಗಿಗೆ ಒತ್ತುವಷ್ಟು ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿದಿದ್ದ. ಕಣ್ಣಿನ ವಿದ್ಯೆ ಕಲಿತಿದ್ದ ಡಾಯ್ಲ್‌ಗೆ ಅಷ್ಟು ಸಾಕಾಯಿತು. ಇಷ್ಟು ದೃಷ್ಟಿದೋಷ ಇರುವವನು ಕತ್ತಲಲ್ಲಿ ರೈಲು ಹಳಿ ದಾಟಿ, ಬೇಲಿ ನುಸುಳಿ, ಹೊಲದಲ್ಲಿ ಕುದುರೆ ಹುಡುಕಿ, ಪೊಲೀಸರ ಕಣ್ಣು ತಪ್ಪಿಸಿ ಮನೆಗೆ ಮರಳುವುದು ಹೇಗೆ? ಡಾಯ್ಲ್ ಅಷ್ಟಕ್ಕೇ ನಿಲ್ಲಲಿಲ್ಲ. ಹಳ್ಳಿಗೆ ಹೋಗಿ ಆ ದಾರಿ ತಾನೇ ನಡೆದ. ಜಾರ್ಜ್‌ನ ಕೋಟಿನ ಮೇಲೆ ಕುದುರೆ ಕೂದಲಿತ್ತೆಂಬ ಸಾಕ್ಷ್ಯವನ್ನು ಕೆದಕಿದ. ಸತ್ತ ಕುದುರೆಯ ಚರ್ಮದ ತುಂಡು ಮತ್ತು ಆ ಕೋಟು ಎರಡನ್ನೂ ಒಟ್ಟಿಗೇ ಪರೀಕ್ಷೆಗೆ ಕಳಿಸಿದ್ದು ಹೊರಬಿತ್ತು. ಕೂದಲು ಎಲ್ಲಿಂದ ಬಂದಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಇದನ್ನೆಲ್ಲ ಡೈಲಿ ಟೆಲಿಗ್ರಾಫ್ ಪತ್ರಿಕೆಯಲ್ಲಿ ಬರೆದ.

ಸರ್ಕಾರ ಮೂವರ ಸಮಿತಿ ಮಾಡಿತು. ಅದರಲ್ಲೊಬ್ಬ ಆ ಜಿಲ್ಲೆಯ ಪೊಲೀಸ್ ಮುಖ್ಯಸ್ಥನ ಸಂಬಂಧಿ! ಮೇ ತಿಂಗಳಲ್ಲಿ ಜಾರ್ಜ್‌ಗೆ ಕ್ಷಮಾದಾನ ಸಿಕ್ಕಿತು, ಪರಿಹಾರ ಸಿಗಲಿಲ್ಲ. ವರ್ಷದ ಕೊನೆಗೆ ಸನ್ನದು ವಾಪಸ್ ಬಂತು. ಇಂಥ ಕೇಸುಗಳ ಗದ್ದಲದ ಫಲವಾಗಿ ಅದೇ 1907ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಸ್ಥಾಪನೆಯಾಯಿತು. ಇವತ್ತು ನಾವು ಸಹಜವೆಂದುಕೊಂಡಿರುವ ಮೇಲ್ಮನವಿಯ ಹಕ್ಕು ಅಲ್ಲಿ ಆವರೆಗೆ ಸರಿಯಾಗಿ ಇರಲೇ ಇಲ್ಲ.

ಪ್ರಾಣಿಗಳನ್ನು ಸೀಳಿದವರು ಯಾರು? ಇಂದಿಗೂ ಸಾಬೀತಾಗಿಲ್ಲ. ಡಾಯ್ಲ್‌ಗೆ ಸ್ಥಳೀಯನೊಬ್ಬನ ಮೇಲೆ ಗುಮಾನಿ ಇತ್ತು, ಅವನ ಹೆಸರನ್ನು ಸರ್ಕಾರಕ್ಕೂ ಕೊಟ್ಟ. ಸಾಕ್ಷ್ಯ ಸಾಲಲಿಲ್ಲ. ಒಬ್ಬನ ಮೇಲಿನ ಸುಳ್ಳು ಆರೋಪ ತೆಗೆಯುವಾಗ ತೋರಿದ ಜಾಗ್ರತೆಯನ್ನು ಇನ್ನೊಬ್ಬನ ಮೇಲೆ ಬೆರಳು ತೋರಿಸುವಾಗ ಆತ ತೋರಲಿಲ್ಲ ಎಂದು ನನಗನ್ನಿಸುತ್ತದೆ. ಖಾಲಿ ಜಾಗದಲ್ಲಿ ಒಂದು ಹೆಸರು ಬರೆದುಬಿಡುವ ಆಸೆ ಅಷ್ಟು ಬಲವಾದದ್ದು.

ಹತ್ತು ನಿಮಿಷದಲ್ಲಿ ನಡೆದ ಕೊಲೆ

ಈಗ 16 ವರ್ಷದ ಕೇಸಿಗೆ ಬರೋಣ. 1908ರ ಡಿಸೆಂಬರ್ 21, ಗ್ಲಾಸ್ಗೋ ನಗರ. ಸಂಜೆ ಏಳರ ಹೊತ್ತು. ಮರಿಯನ್ ಗಿಲ್‌ಕ್ರಿಸ್ಟ್ ಎಂಬ ಶ್ರೀಮಂತ ವೃದ್ಧೆಗೆ ಆಗ 82 ವರ್ಷ. ಕೆಲಸದ ಹುಡುಗಿ ಹೆಲೆನ್ ಲ್ಯಾಂಬಿ ಪೇಪರ್ ತರಲು ಹೊರಗೆ ಹೋದಳು. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಮೇಲಿನಿಂದ ಸದ್ದು ಕೇಳಿ ಕೆಳಗಿನ ಮನೆಯವನು ಬಂದು ಬಾಗಿಲು ಬಡಿದ. ಹುಡುಗಿಯೂ ಬಂದಳು. ಬಾಗಿಲು ತೆರೆದಾಗ ಒಳಗಿನಿಂದ ಒಬ್ಬ ಗಂಡಸು ಆರಾಮಾಗಿ ನಡೆದು ಬಂದು, ಇಬ್ಬರನ್ನೂ ದಾಟಿ ಮೆಟ್ಟಿಲಿಳಿದು ಓಡಿದ. ಅಜ್ಜಿ ರಕ್ತದ ಮಡುವಿನಲ್ಲಿದ್ದಳು. ಮನೆಯಲ್ಲಿ ಬೇಕಾದಷ್ಟು ಒಡವೆ ಇತ್ತು. ಕಳೆದದ್ದು ಅರ್ಧಚಂದ್ರಾಕಾರದ ಒಂದು ವಜ್ರದ ಬ್ರೋಚ್ ಮಾತ್ರ. ಕಾಗದಪತ್ರದ ಪೆಟ್ಟಿಗೆ ಒಡೆದಿತ್ತು, ಕಾಗದಗಳು ಚೆಲ್ಲಾಡಿದ್ದವು.

ನಾಲ್ಕು ದಿನಕ್ಕೆ ಪೊಲೀಸರಿಗೆ ಆಸ್ಕರ್ ಸ್ಲೇಟರ್‌ನ ಸುಳಿವು ಸಿಕ್ಕಿತು. ಜರ್ಮನಿಯಿಂದ ಬಂದ ಯಹೂದಿ, ಜೂಜುಗಾರ, ಆಗಾಗ ಹೆಸರು ಬದಲಿಸುವವನು. ವಜ್ರದ ಬ್ರೋಚೊಂದನ್ನು ಗಿರವಿ ಇಟ್ಟು ಆ ಚೀಟಿ ಮಾರಲು ಓಡಾಡುತ್ತಿದ್ದ. ಆಮೇಲೆ ಹಡಗು ಹತ್ತಿ ಅಮೆರಿಕಕ್ಕೆ ಹೋದ. ಎಲ್ಲ ಕೂಡಿ ಬಂತಲ್ಲ! ಒಂದೇ ತೊಡಕು. ಅವನು ಬ್ರೋಚ್ ಗಿರವಿ ಇಟ್ಟದ್ದು ನವೆಂಬರ್ 18ರಂದು, ಕೊಲೆಗೆ ಒಂದು ತಿಂಗಳ ಮೊದಲು. ಅದು ಅಜ್ಜಿಯ ಬ್ರೋಚೇ ಅಲ್ಲ. ಕೇಸು ಅಲ್ಲಿಗೇ ಮುಗಿಯಬೇಕಿತ್ತು, ಮುಗಿಯಲಿಲ್ಲ. ಸಾಕ್ಷಿಗಳಿಗೆ ಮೊದಲೇ ಫೋಟೊ ತೋರಿಸಿ ಆಮೇಲೆ ಆಳನ್ನು ಗುರುತಿಸಲು ಹೇಳಿದರು. ಸ್ಲೇಟರ್ ಮಾತ್ರ ತಾನಾಗಿಯೇ ಸ್ಕಾಟ್ಲೆಂಡಿಗೆ ಮರಳಲು ಒಪ್ಪಿ ಬಂದ. ಕೊಂದವನು ಹಾಗೆ ಬರುತ್ತಾನೆಯೇ ಎಂದು ಕೇಳುವವರು ಕಡಿಮೆಯಿದ್ದರು.

1909ರ ಮೇ ತಿಂಗಳಲ್ಲಿ ವಿಚಾರಣೆ. ಸ್ಕಾಟ್ಲೆಂಡಿನ ಜ್ಯೂರಿಯಲ್ಲಿ 15 ಜನ. 9 ಮಂದಿ ಅಪರಾಧಿ ಎಂದರು, 5 ಮಂದಿ ಸಾಬೀತಾಗಿಲ್ಲ ಎಂದರು, ಒಬ್ಬ ನಿರಪರಾಧಿ ಎಂದ. ಗಲ್ಲಿಗೆ ಎರಡು ದಿನವಿದ್ದಾಗ ಶಿಕ್ಷೆ ಜೀವಾವಧಿಗೆ ಇಳಿಯಿತು. ಪೀಟರ್‌ಹೆಡ್ ಜೈಲಿನಲ್ಲಿ ಕಲ್ಲು ಒಡೆಯುವ ಕೆಲಸ. 1907ರ ಮೇಲ್ಮನವಿ ಕಾನೂನು ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಅವನಿಗೆ ಹೋಗಲು ಬೇರೆ ಬಾಗಿಲೇ ಇರಲಿಲ್ಲ.

ಡಾಯ್ಲ್ 1912ರಲ್ಲಿ ಈ ಕೇಸಿನ ಮೇಲೆ ಸಣ್ಣ ಪುಸ್ತಕ ಬರೆದ. ಸ್ಲೇಟರ್‌ನಂಥ ಬದುಕು ಡಾಯ್ಲ್‌ಗೆ ಇಷ್ಟವಿರಲಿಲ್ಲ. ಎಡಲ್ಜಿ ಸಂಭಾವಿತ, ಅವನ ಪರ ನಿಲ್ಲುವುದು ಸುಲಭ. ಸ್ಲೇಟರ್ ಹಾಗಲ್ಲ. ಆದರೂ ಪ್ರಶ್ನೆಗಳನ್ನು ಬಿಡಲಿಲ್ಲ. ಬಾಗಿಲು ಮುರಿದಿರಲಿಲ್ಲ ಅಂದಮೇಲೆ ಬಂದವನು ಅಜ್ಜಿಗೆ ಗೊತ್ತಿದ್ದವನೋ ಅಥವಾ ಕೀಲಿ ಇದ್ದವನೋ ಆಗಿರಬೇಕು. ಒಡವೆ ಬಿಟ್ಟು ಕಾಗದಪತ್ರ ಕೆದಕಿದ್ದೇಕೆ? ಸ್ಲೇಟರ್‌ನ ಪೆಟ್ಟಿಗೆಯಲ್ಲಿ ಸಿಕ್ಕ ಪುಟ್ಟ ಸುತ್ತಿಗೆಯಿಂದ ಅಂಥ ಗಾಯ ಸಾಧ್ಯವೇ? ಈ ಸಲ ಪುಸ್ತಕದಲ್ಲಿ ಯಾರನ್ನೂ ಹೆಸರಿಸಿ ಕೊಲೆಗಾರನೆನ್ನಲಿಲ್ಲ.

ಏನೂ ಆಗಲಿಲ್ಲ. 1914ರಲ್ಲಿ ಗ್ಲಾಸ್ಗೋದ ಪೊಲೀಸ್ ಅಧಿಕಾರಿ ಜಾನ್ ಟ್ರೆಂಚ್ ಮುಂದೆ ಬಂದ. ಕೆಲಸದ ಹುಡುಗಿ ಕೊಲೆಯಾದ ರಾತ್ರಿಯೇ ಬೇರೊಬ್ಬನ ಹೆಸರು ಹೇಳಿದ್ದಳು, ಅದನ್ನು ಮುಚ್ಚಿಹಾಕಿದರು ಎಂಬುದು ಅವನ ಮಾತು. ವಿಚಾರಣೆ ನಡೆದು ಏನೂ ಇಲ್ಲವೆಂದಾಯಿತು. ಟ್ರೆಂಚ್ ಕೆಲಸ ಕಳೆದುಕೊಂಡ, 1919ರಲ್ಲಿ ತೀರಿಕೊಂಡ. ಅವನಿಗೆ ನ್ಯಾಯ ನೋಡುವ ಭಾಗ್ಯವೂ ಸಿಗಲಿಲ್ಲ.

ನಮ್ಮ ಪಿಜಿಯ ಒಂದು ಕೇಸು

ಇದನ್ನು ಓದುತ್ತಿದ್ದ ದಿನಗಳಲ್ಲೇ ನಾನಿದ್ದ ಪಿಜಿಯಲ್ಲಿ ಹುಡುಗನೊಬ್ಬನ ಕೋಚಿಂಗ್ ಫೀಸಿನ ಎಂಟು ಸಾವಿರ ರೂಪಾಯಿ ಕಾಣೆಯಾಯಿತು. ರಾತ್ರಿ ಊಟ ಡೆಲಿವರಿ ಮಾಡಿ ಒಂದು ಗಂಟೆಗೆ ಬರುತ್ತಿದ್ದ ಹುಡುಗನ ಮೇಲೆ ಎಲ್ಲರ ಕಣ್ಣು. ಕಾರಣ? ಬೇರೆ ಜಿಲ್ಲೆಯವನು, ಮಾತು ಕಡಿಮೆ, ತಡವಾಗಿ ಬರುತ್ತಾನೆ. ನನಗೆ ಗಿರವಿ ಚೀಟಿಯ ತಾರೀಕು ನೆನಪಾಯಿತು. ದುಡ್ಡನ್ನು ಕೊನೆಯ ಸಲ ಎಣಿಸಿದ್ದು ಯಾವಾಗ ಎಂದು ಕೇಳಿದೆ. ಭಾನುವಾರ ಬೆಳಿಗ್ಗೆ. ಇಲ್ಲವೆಂದು ಗೊತ್ತಾದದ್ದು ಮಂಗಳವಾರ ಸಂಜೆ. ಡೆಲಿವರಿ ಹುಡುಗ ಶನಿವಾರ ರಾತ್ರಿಯ ಬಸ್ಸಿಗೆ ಜಾತ್ರೆಗೆಂದು ಊರಿಗೆ ಹೋದವನು ಬುಧವಾರ ಬಂದಿದ್ದ. ಬಸ್ ಟಿಕೆಟ್ ಮೊಬೈಲಿನಲ್ಲೇ ಇತ್ತು. ಅನುಮಾನ ಹೋಯಿತು, ಆದರೆ ನೋಟ ಹೋಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವನು ಬೇರೆ ಪಿಜಿಗೆ ಹೋದ. ದುಡ್ಡು ತೆಗೆದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಎಂಟು ಸಾವಿರದ ಕೇಸಿನಲ್ಲೇ ಹೀಗಾದರೆ ಕೊಲೆ ಕೇಸಿನಲ್ಲಿ ಹೇಗಿರಬೇಡ?

ಬಾಯೊಳಗೆ ಬಂದ ಚೀಟಿ

ಈ ನಡುವೆ ಡಾಯ್ಲ್ ಬೇರೆಯೇ ದಾರಿ ಹಿಡಿದಿದ್ದ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡಿದ್ದ ಮಗ ಕಿಂಗ್ಸ್ಲಿ 1918ರಲ್ಲಿ ನ್ಯುಮೋನಿಯಾದಿಂದ ಸತ್ತ. ಮರುವರ್ಷ ತಮ್ಮನೂ ಹೋದ. ಸತ್ತವರ ಜತೆ ಮಾತಾಡಬಹುದೆಂಬ ಆತನ ನಂಬಿಕೆ ಗಟ್ಟಿಯಾಯಿತು, ದೇಶ ದೇಶ ಸುತ್ತಿ ಅದನ್ನೇ ಸಾರಿದ. ಕಾಟಿಂಗ್ಲಿ ಎಂಬ ಹಳ್ಳಿಯ ಇಬ್ಬರು ಹುಡುಗಿಯರು ತೆಗೆದ ಕಿನ್ನರಿಯರ ಫೋಟೊಗಳನ್ನು ನಿಜವೆಂದು 1920ರಲ್ಲಿ ಪತ್ರಿಕೆಯಲ್ಲಿ ಬರೆದ. ಅವು ಕಾಗದದಲ್ಲಿ ಕತ್ತರಿಸಿದ ಚಿತ್ರಗಳೆಂದು ಆ ಹುಡುಗಿಯರು ಒಪ್ಪಿಕೊಂಡದ್ದು 1983ರಲ್ಲಿ, ಮುದುಕಿಯರಾದ ಮೇಲೆ. ಎಡಲ್ಜಿಯ ಕೋಟಿನ ಕೂದಲಿಗೆ ಹಾಕಿದ ಪ್ರಶ್ನೆಯನ್ನು ಆತ ಕಿನ್ನರಿಗೆ ಹಾಕಲಿಲ್ಲ. ಮಗನನ್ನು ಕಳೆದುಕೊಂಡವನ ಬಗ್ಗೆ ನಗಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಉತ್ತರ ಬೇಕೇ ಬೇಕು ಎಂಬ ಹಸಿವು ಎಷ್ಟು ಬುದ್ಧಿವಂತನನ್ನೂ ಹೇಗೆ ಎಳೆದೊಯ್ಯುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

1925ರಲ್ಲಿ ಪೀಟರ್‌ಹೆಡ್‌ನಿಂದ ಬಿಡುಗಡೆಯಾದ ಕೈದಿಯೊಬ್ಬ ಸ್ಲೇಟರ್‌ನ ಚೀಟಿಯನ್ನು ಬಾಯೊಳಗೆ ಅಡಗಿಸಿಕೊಂಡು ಹೊರತಂದು ಡಾಯ್ಲ್‌ಗೆ ಮುಟ್ಟಿಸಿದ. ತನ್ನನ್ನು ಮರೆಯಬೇಡಿ ಎಂಬ ಮೊರೆ. ಡಾಯ್ಲ್‌ಗೆ ಆಗ 65 ದಾಟಿತ್ತು. ಮತ್ತೆ ಹಳೆಯ ಕಡತ ಬಿಚ್ಚಿದ. ಸರ್ಕಾರಕ್ಕೆ ಬರೆದ, ಪತ್ರಿಕೆಗಳಿಗೆ ಬರೆದ. ವಿಲಿಯಂ ಪಾರ್ಕ್ ಎಂಬ ಪತ್ರಕರ್ತ ಈ ಕೇಸಿನ ಬಗ್ಗೆ ಬರೆದ ಪುಸ್ತಕವನ್ನು 1927ರಲ್ಲಿ ತಾನೇ ಪ್ರಕಟಿಸಿದ. ಆ ನವೆಂಬರಿನಲ್ಲಿ ಸ್ಲೇಟರ್ ಹೊರಗೆ ಬಂದ. 18 ವರ್ಷಕ್ಕೂ ಹೆಚ್ಚು ಒಳಗಿದ್ದವನು! ಸ್ಕಾಟ್ಲೆಂಡಿನಲ್ಲಿ 1926ರಲ್ಲಿ ಮೇಲ್ಮನವಿ ನ್ಯಾಯಾಲಯ ಬಂದಿತ್ತು, ಆದರೆ ಹಳೆಯ ಕೇಸಿಗೆ ಅವಕಾಶವಿರಲಿಲ್ಲ. ಈ ಒಂದು ಕೇಸಿಗಾಗಿ ವಿಶೇಷ ಕಾನೂನು ತಂದರು. 1928ರ ಜುಲೈನಲ್ಲಿ ಶಿಕ್ಷೆ ರದ್ದಾಯಿತು. ಇಂಥ ನಡತೆಯವನಿಗೆ ಸಾಮಾನ್ಯ ಮನುಷ್ಯನಂತೆ ನಿರಪರಾಧಿ ಎಂಬ ಊಹೆಯ ರಕ್ಷಣೆ ಇಲ್ಲ ಎಂಬ ಅರ್ಥದ ಮಾತನ್ನು ಅಂದಿನ ನ್ಯಾಯಾಧೀಶ ಜ್ಯೂರಿಗೆ ಹೇಳಿದ್ದ. ಅದೇ ತಪ್ಪೆಂದು ತೀರ್ಪಾಯಿತು.

ಕಥೆ ಸಿಹಿಯಾಗಿ ಮುಗಿಯಲಿಲ್ಲ. ಸ್ಲೇಟರ್‌ಗೆ 6000 ಪೌಂಡ್ ಪರಿಹಾರ ಸಿಕ್ಕಿತು. ಅವನಿಗಾಗಿ ಹಲವರು ಮಾಡಿದ್ದ ಖರ್ಚನ್ನು ಅದರಲ್ಲಿ ತೀರಿಸಬೇಕೆಂದು ಡಾಯ್ಲ್ ಕೇಳಿದ, ಸ್ಲೇಟರ್ ಒಪ್ಪಲಿಲ್ಲ. ಇಬ್ಬರೂ ಜಗಳವಾಡಿ ದೂರವಾದರು. 1930ರ ಜುಲೈ 7ರಂದು ಡಾಯ್ಲ್ ತೀರಿಕೊಂಡ. ಅಜ್ಜಿಯನ್ನು ಕೊಂದದ್ದು ಯಾರೆಂದು ಇವತ್ತಿಗೂ ಸಾಬೀತಾಗಿಲ್ಲ.

ಯಾರ ಹೆಸರು, ಯಾವ ಆಧಾರ?

ಬಿಡಿಸದ ಕೇಸು ನಮ್ಮನ್ನು ಹಿಡಿಯುವುದು ಎರಡು ರೀತಿ. ಒಂದು, ಕೊಲೆಗಾರನ ಹೆಸರು ಬೇಕೆಂಬ ಹಟ. ಅದು ಬೇಗ ಯಾರನ್ನಾದರೂ ಹಿಡಿದು ಕೂರಿಸುತ್ತದೆ. ಇನ್ನೊಂದು, ತಪ್ಪು ಹೆಸರು ಅಲ್ಲಿ ಹೇಗೆ ಬಂತು ಎಂಬ ಪ್ರಶ್ನೆ. ಇದಕ್ಕೆ ತಾಳ್ಮೆ ಬೇಕು, ಇಷ್ಟವಾಗದವನ ಪರವೂ ನಿಲ್ಲಬೇಕಾಗುತ್ತದೆ, ಕೊನೆಗೆ ಥ್ಯಾಂಕ್ಸ್ ಕೂಡ ಸಿಗದಿರಬಹುದು. ಡಾಯ್ಲ್ ಎರಡರಲ್ಲೂ ಓಡಾಡಿದ. ಆತನಿಂದ ಜನಕ್ಕೆ ಉಪಯೋಗವಾದದ್ದು ಎರಡನೆಯದರಲ್ಲಿ.

ನಮ್ಮಲ್ಲಿ ಕೆಲವರು ನಾಳೆ ಪಿಎಸ್‌ಐ ಆಗಬಹುದು, ವಕೀಲರಾಗಬಹುದು, ವರದಿಗಾರರಾಗಬಹುದು. ಏನೂ ಆಗದಿದ್ದರೂ ವಾಟ್ಸ್ಆ್ಯಪ್ ಗುಂಪಿನಲ್ಲಂತೂ ಇದ್ದೇ ಇರುತ್ತೇವೆ. ಅಲ್ಲಿಗೆ ಒಬ್ಬನ ಫೋಟೊ ಬರುತ್ತದೆ, ಕೆಳಗೆ ಕಳ್ಳ ಅಂತಲೋ ಮಕ್ಕಳ ಕಳ್ಳ ಅಂತಲೋ ಬರೆದಿರುತ್ತದೆ. ಫಾರ್ವರ್ಡ್ ಒತ್ತುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ತಾರೀಕು ಹೊಂದುತ್ತದೆಯೇ? ಮೊದಲು ಹೇಳಿದವರು ಯಾರು? ಗುರುತಿಸಿದವರಿಗೆ ಮೊದಲೇ ಫೋಟೊ ತೋರಿಸಿದ್ದರೇ? ಗ್ಲಾಸ್ಗೋದಲ್ಲಿ ಇವನ್ನು ಸರಿಯಾದ ಸಮಯಕ್ಕೆ ಕೇಳಿದ್ದರೆ ಒಬ್ಬ ಮನುಷ್ಯನ 18 ವರ್ಷ ಉಳಿಯುತ್ತಿತ್ತು.